ಇಂಕೊಕಟಿ

ಶಿಡ್ಲಘಟ್ಟದ ಗಾಳಿಗೇ ಬೆಂದ ಹುಳದ ವಾಸನೆ.
ಹಾವೇರಿಯಿಂದ ಬಂದವಳು ನಾನು,
ಮೊದಲ ತಿಂಗಳು ಸೆರಗಲ್ಲೇ ಉಸಿರಾಡಿದೆ.
ಈಗ ವಾಸನೆ ಬರದ ಬೆಳಿಗ್ಗೆ ಕೇಳುತ್ತೇನೆ:
ಯಾಕೆ, ಇವತ್ತು ಕರೆಂಟಿಲ್ಲವೇ?

ನಮ್ಮ ಶಾಲೆಯ ಹಿಂದಿನ ಕೋಣೆಯಲ್ಲಿ
ಕುರ್ಚಿಗಳ ಸಾಲೇ ಬಸ್ಸು, ಸೀಟಿ ನನ್ನ ಬಾಯಲ್ಲಿ.
ಗಂಗರತ್ನ ಹತ್ತುತ್ತಾಳೆ, ಚಿಲ್ಲರೆ ಕೊಡುತ್ತಾಳೆ,
ಇಳಿಯಬೇಕಾದಲ್ಲಿ ಸುಮ್ಮನೆ ಕೂತಿರುತ್ತಾಳೆ.
‘ನಿಲ್ಸಿ’ ಅನ್ನಮ್ಮಾ, ಡ್ರೈವರಿಗೆ ಕೇಳೋ ಹಾಗೆ.
ಆ ಒಂದು ಮಾತಿಗೆ ಒಂದು ಮಳೆಗಾಲ, ಒಂದು ಚಳಿಗಾಲ.
ಯುಗಾದಿ ಕಳೆದ ಮೇಲೆ ಯಾವುದೋ ಮಂಗಳವಾರ
ಕೂಗಿದಳು ನೋಡಿ,
ಅಡುಗೆಯ ಚೌಡಮ್ಮ ಸೌಟು ಹಿಡಿದೇ ಓಡಿ ಬಂದರು.

ಮೊದಲು ಕಡಲೆ ಬೇರೆ, ಬಟಾಣಿ ಬೇರೆ.
ಆಮೇಲೆ ನಿಜವಾದ ಗೂಡು,
ಮಾರುಕಟ್ಟೆಯಲ್ಲಿ ಬೇಡಿ ತಂದದ್ದು ಒಂದು ಕೆಜಿ.
ಕಲೆಯದು ಆಚೆ, ತೂತಿನದು ಆಚೆ,
ಎರಡು ಹುಳ ಸೇರಿ ಕಟ್ಟಿಕೊಂಡ ಜೋಡಿಗೂಡಿಗೆ
ಬೇರೆಯದೇ ಒಂದು ಬುಟ್ಟಿ.
ಕಿವಿಯ ಹತ್ತಿರ ಅಲ್ಲಾಡಿಸಿ ನಕ್ಕಳು:
‘ಒಳಗೆ ಯಾರೋ ಅವ್ರೆ, ಮಿಸ್.’

ವೇಲು ಸೊಂಟಕ್ಕೆ ಬಿಗಿ, ರಾಟೆಗೆ ಸಿಕ್ಕೀತು.
ಚಿಕ್ಕ ಮುಳ್ಳು ಒಂದಕ್ಕೆ ಬಂದರೆ ಊಟ.
ಮೈ ಮುಟ್ಟಲು ಬಂದವರಿಗೆ ‘ಬೇಡ’,
ಅದನ್ನೂ ಬಸ್ಸಿನಷ್ಟೇ ಜೋರಾಗಿ.
ಎಲ್ಲ ಬರೆದಿಟ್ಟಿದ್ದೇನೆ ಅವಳ ಫೈಲಿನಲ್ಲಿ.
ಜೊತೆಗೆ ಇದೂ: ‘ಎಣಿಕೆ ಏಳರವರೆಗೆ ಮಾತ್ರ.’
ಮೂರು ವರ್ಷ, ಮೂರು ಸಹಿ, ಒಂದೇ ವಾಕ್ಯ.
ಏಳಾದ ಮೇಲೆ ಅವಳಿಗೆ ಹತ್ತು,
ಇಲ್ಲವೇ ಕಿಟಕಿಯಾಚೆಯ ನಾಯಿ.

ಖಲಂದರ್ ಸಾಬರ ಫಿಲೇಚರಿನಲ್ಲಿ
ಗೂಡು ಆರಿಸುವ ಕೆಲಸ ಸಿಕ್ಕಿತು,
ದಿನಕ್ಕೆ ನೂರೈವತ್ತು, ವಾರಕ್ಕೆ ಒಂಬೈನೂರು.
ನಾನು ರಟ್ಟಿನ ಮೇಲೆ ಒಂಬತ್ತು ಚೌಕ ಬರೆದುಕೊಟ್ಟೆ:
ಒಂದೊಂದರ ಮೇಲೆ ಒಂದೊಂದು ನೂರರ ನೋಟಿಡು,
ಖಾಲಿ ಉಳಿದರೆ ನನ್ನ ಮುಖ ನೋಡು.

ಶನಿವಾರ ಸಂಜೆ.
ತೊಟ್ಟಿಗಳು ತಣ್ಣಗಾಗುತ್ತಿದ್ದವು.
ರಟ್ಟು ಚೀಲದಿಂದ ಈಚೆಗೇ ಬರಲಿಲ್ಲ.
ಅವಳು ಕಟ್ಟೆಯ ಮೇಲೆ ಕೂತು, ನೋಟನ್ನು
ಮೊಟ್ಟೆ ಇಳಿಸುವ ಹಾಗೆ ಮೆಲ್ಲಗೆ
ಮಡಿಲಲ್ಲಿ ಒಂದೊಂದೇ ಇಳಿಸಿದಳು:
ಒಕಟಿ, ರೆಂಡು, ಮೂಡು, ನಾಲುಗು,
ಐದು, ಆರು, ಏಡು

(ನಾನು ಕಣ್ಣು ಮುಚ್ಚಿಕೊಂಡೆ)

ಎನಿಮಿದಿ.

ಅಲ್ಲಿಗೆ ನೋಟು ಮುಗಿದವು, ಅವಳು ಮುಗಿಯಲಿಲ್ಲ.
ನನ್ನ ಮುಖ ನೋಡಲಿಲ್ಲ.
ಕೈ ಚಾಚಿಯೇ ಇತ್ತು ಸಾಬರ ಕಡೆಗೆ.
‘ಇಂಕೊಕಟಿ.’

ಸಾಬರು ಜೇಬು ತಡಕಿದರು,
ಅಂಟಿಕೊಂಡು ಉಳಿದಿತ್ತಂತೆ, ಇರಬಹುದು.
ಇನ್ನೊಂದು ನೋಟು ಮಡಿಲಿಗೆ ಬಂತು.
‘ತೊಮ್ಮಿದಿ,’ ಎಂದು ಗಂಟು ಹಾಕಿಕೊಂಡಳು.

ಅವಳ ಅವ್ವ ನಾಟಿಕೋಳಿ ಮೊಟ್ಟೆ ಮಾರುತ್ತಾರೆ,
ಸಂತೆಗೆ ಬುಟ್ಟಿ ತುಂಬುವಾಗ ಎಣಿಸುವವಳು ಇವಳೇ.
ನೂರರ ತನಕ, ಒಂದೂ ಒಡೆಯದೆ.
ಅದನ್ನು ಹೇಳಿದವರು ಚೌಡಮ್ಮ, ಬಹಳ ತಡವಾಗಿ,
ಈರುಳ್ಳಿ ಹೆಚ್ಚುತ್ತಾ: ‘ನೀವು ಕೇಳ್ಲಿಲ್ಲವಲ್ಲ ಮಿಸ್.’
ಮನೆಯಲ್ಲಿ ಯಾವ ಮಾತು ಎಂಬ ಕಲಮು
ನಮ್ಮ ಫಾರಮಿನಲ್ಲಿ ಇಲ್ಲ.
ಇಲ್ಲದ ಕಲಮನ್ನು ನಾನೂ ಗೀಚಿಕೊಳ್ಳಲಿಲ್ಲ.

ಆ ಸಂಜೆಯ ಬಸ್ಸು ನಿಜವಾದ ಬಸ್ಸು.
ಕಿಟಕಿ ಪಕ್ಕ ಅವಳು, ಒತ್ತಿಕೊಂಡು ನಾನು.
ನನಗೂ ಹೇಳಿಕೊಡೇ ಎಂದೆ.
ಏಡು ಆದ ಮೇಲೆ ನಾಲಿಗೆ ತೊಡರಿತು.
ಕಣ್ಣು ಹೊರಗೆ ಹೋಯಿತು, ಹಿಪ್ಪುನೇರಳೆ ತೋಟ,
ಒಂದು ಟ್ರಾಕ್ಟರು, ಒಂದು ನಾಯಿ.
ಅವಳು ಕಾದಳು, ಬಾಯಿಗೆ ಮಾತು ತುರುಕದೆ,
ಮೂರು ವರ್ಷದಲ್ಲಿ ನಾನು ಒಮ್ಮೆಯೂ
ಕಾಯದಷ್ಟು ಹೊತ್ತು.

ಆಮೇಲೆ ಎದ್ದು ನಿಂತು
ಇಡೀ ಬಸ್ಸೇ ತಿರುಗುವ ಹಾಗೆ ಕೂಗಿದಳು:
ನಿಲ್ಸೀ.